ಈರುಳ್ಳಿ ಟೀ ಕುಡಿದ ಕಂಠ

ಜುಲೈ 8, 2014. ಬೆಳಿಗ್ಗೆ 10. ಪಿಯೋರಿಯಾ.

ಡ್ವೇನ್ ತಲೆಗೆ ಬೆಂಕಿ ಬಿತ್ತು. ಬಸ್ಸಿನ ತುಂಬ ಹೊಗೆ. ಬೆವ್ ಕಿರುಚುತ್ತ ಬೆಂಕಿ ಆರಿಸುವ ಸಿಲಿಂಡರ್ ಹಿಡಿದು ಓಡಿದಳು. ಮೂವತ್ತೊಂದು ವರ್ಷದ ಬ್ಯಾಂಡು, ಒಂದು ಹೇರ್‌ಡ್ರೈಯರ್‌ಗೆ ಆಹುತಿ...

ಸುಳ್ಳು. ತಲೆಯಲ್ಲ, ವಿಗ್ಗು. ಬೆಂಕಿಯಲ್ಲ, ವೇದಿಕೆಗೆ ಹೊಗೆ ಬಿಡುವ ಮೆಷೀನು. ಅದರ ಮೂತಿಯನ್ನು ವಿಗ್ಗಿನ ಡಬ್ಬಕ್ಕೆ ತೂರಿಸಿ ಸ್ವಿಚ್ ಹಾಕಿದವನು ನಾನು. ಡೈರಿಗೂ ಟೋಪಿಯೇ ಎಂದರೆ, ಹೌದು. ಯಾರೂ ಸಿಗದಿದ್ದರೆ ನನಗೆ ನಾನೇ ಹಾಕಿಕೊಳ್ಳುತ್ತೇನೆ.

ಬೆವ್ ನಮ್ಮ ಮ್ಯಾನೇಜರು. ನಗು ಅವಳ ಕಾಂಟ್ರಾಕ್ಟಿನಲ್ಲಿಲ್ಲ.

"ಮಿಲ್ಟ್! ನಿಂಗೆ ವಯಸ್ಸೆಷ್ಟು?"

"ಯಾವ ಭಾಗಕ್ಕೆ? ಬಲಮಂಡಿಗೆ ತೊಂಬತ್ತು. ಮಿಕ್ಕಿದ್ದಕ್ಕೆ ಹನ್ನೆರಡು."

ಡ್ವೇನ್ ಮಾತ್ರ ವಿಗ್ಗು ಕೊಡವಿ ತಲೆಗಿಟ್ಟುಕೊಂಡ. "ನೀನು ಸತ್ತಾಗ ನಿನ್ನ ಪೆಟ್ಟಿಗೆಗೂ ಹೊಗೆ ಬಿಡ್ತೀನಿ ಕಣೋ. ಪಾದ್ರಿ ಓಡಿಹೋಗ್ಬೇಕು, ಹಾಗೆ."

ಇಂಥ ಗಾಯಕ ಇರುವವರೆಗೆ ನನಗೆ ಕೆಲಸ ಬಿಡುವ ಮನಸ್ಸಿಲ್ಲ.

ಜುಲೈ 9. ಮಧ್ಯಾಹ್ನ.

ನಿನ್ನೆಯ ಶೋ. ಬರೆಯಬಾರದು ಎಂದುಕೊಂಡಿದ್ದೆ.

ಕೊನೆಯ ಹಾಡು "ಬರ್ನ್ ದ ಕರ್ಫ್ಯೂ". 1987ರಲ್ಲಿ ಈ ಹಾಡು ಬಾರದ ರೇಡಿಯೋ ಇರಲಿಲ್ಲ. ಅದರ ತುದಿಯಲ್ಲಿ ಒಂದು ಕೂಗಿದೆ. ಹಾಡೆಲ್ಲ ಇರುವುದೇ ಆ ಕೂಗಿಗಾಗಿ. ಜನ ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ಕಾಯುವುದೂ ಅದಕ್ಕೇ.

ಡ್ವೇನ್ ತಲೆ ಹಿಂದಕ್ಕೆ ಎಸೆದ. ಬಾಯಿ ತೆರೆದ. ಬಂದದ್ದು ಒಣ ಬಾಗಿಲಿನ ಕಿರ್ರ್. ಜನ ಒಳ್ಳೆಯವರು, ಅವರೇ ಕೂಗಿ ಮುಗಿಸಿದರು. ಇವನು ಬೆನ್ನು ತಿರುಗಿಸಿ ಮೈಕಿನ ವೈರು ಸರಿಮಾಡುವವನಂತೆ ನಿಂತ. ಆ ಮೈಕಿಗೆ ವೈರೇ ಇಲ್ಲ.

ಇವತ್ತು ಬಸ್ಸಿನಲ್ಲಿ ಪಂಚಾಯಿತಿ. ಬೆವ್ ನೇರವಾಗಿ ಹೇಳಿದಳು: "ಸೆಪ್ಟೆಂಬರ್ ಒಂದರ ಲೇಬರ್ ಡೇ ಶೋನ ಶೂಟ್ ಮಾಡಿ ಡಿವಿಡಿ ತರ್ತಾರೆ. ಅಷ್ಟರೊಳಗೆ ಆ ಕೂಗು ಬರ್ಬೇಕು. ಇಲ್ಲಾಂದ್ರೆ ಹಳೇ ರೆಕಾರ್ಡಿಂದು ಟೇಪ್ ಹಾಕ್ತೀವಿ. ನೀನು ಬಾಯಾಡ್ಸು, ಸಾಕು."

"ಟೇಪಿಗೆ ಬಾಯಾಡ್ಸೋ ದಿನ ನಾನು ಮನೆಗೆ. ಬೇಕರ್ಸ್‌ಫೀಲ್ಡ್‌ನಲ್ಲಿ ನನ್ನ ಹಳೇ ಕಾರ್ಪೆಟ್ ಹಾಸೋ ಕೆಲಸ ಎಲ್ಲೂ ಹೋಗಿಲ್ಲ" ಅಂದ ಡ್ವೇನ್.

ಕೊರಿನ್ ಮೆಲ್ಲಗೆ ಬಾಯಿ ಹಾಕಿದಳು. ಬೇಸ್ ಗಿಟಾರಿನವಳು. ಬಂದು ಎಂಟು ವರ್ಷ. ನಮ್ಮ ನಡುವೆ ಕಿವಿ ಸರಿಯಾಗಿರುವುದು ಅವಳೊಬ್ಬಳಿಗೇ. "ಶ್ರುತಿ ಸ್ವಲ್ಪ ಇಳಿಸಿದ್ರೆ ಆಗಲ್ವಾ? ವಯಸ್ಸಾದ ಮೇಲೆ ಎಲ್ರೂ ಇಳಿಸ್ಕೊಂಡಿದಾರೆ."

"ಎಲ್ರೂ ಹಲ್ಲು ಸೆಟ್ಟೂ ಹಾಕ್ಸ್ಕೊಂಡಿದಾರಮ್ಮ. ನನ್ನ ಹಾಡು ಇರೋ ಎತ್ತರದಲ್ಲೇ ಇರುತ್ತೆ. ಏರಕ್ಕಾಗದಿದ್ರೆ ನಾನು ಇಳೀತೀನಿ, ಹಾಡನ್ನ ಇಳಿಸಲ್ಲ."

ತಡೆಯಲಾಗದೆ ನಾನೇ ಅಂದೆ, "ನಮ್ಮಜ್ಜಿ ಪೋಲೆಂಡಿನವಳು. ಚರ್ಚಲ್ಲಿ ಹಾಡ್ತಿದ್ದಳು. ಎಂಬತ್ತರಲ್ಲೂ ಗಂಟೆ ಹೊಡೆದ ಹಾಗೆ. ಈರುಳ್ಳಿ ಬೇಯಿಸಿ, ವಿನಿಗರ್, ಜೇನು, ಕರಿಮೆಣಸು ಹಾಕಿ ಟೀ ಮಾಡ್ಕೊಂಡು ಕುಡೀತಿದ್ದಳು."

ಅಜ್ಜಿ ನಿಜ. ಪೋಲೆಂಡ್ ನಿಜ. ಟೀ ಹುಟ್ಟಿದ್ದು ಆ ಕ್ಷಣದಲ್ಲಿ.

ಜುಲೈ 16. ಡುಬ್ಯೂಕ್.

ಬೆಳಿಗ್ಗೆ ಎದ್ದು ಟೀ ಕಾಯಿಸುವುದೇ ಉದ್ಯೋಗ. ಥರ್ಮಾಸಿನ ಮುಚ್ಚಳ ತೆಗೆದರೆ ನೊಣವೂ ಕೈಮುಗಿಯುತ್ತದೆ. ಡ್ವೇನ್ ಮೂಗು ಹಿಡಿದು ತೆಗೆದುಕೊಂಡು ಹೋಗುತ್ತಾನೆ.

ಪೇಟೆಯಲ್ಲಿ ಹೊಸ ತಂತಿ ಕೊಂಡೆ. ದಪ್ಪನೆಯವು. ಬಸ್ಸಿನಲ್ಲಿದ್ದ ಎಲ್ಲ ಗಿಟಾರಿಗೂ, ಕೊರಿನ್ ಬೇಸಿಗೂ ಹಾಕಿದೆ. ಮೂವತ್ತೊಂದು ವರ್ಷದಿಂದ ತಂತಿ ಹಾಕುವುದು, ಶ್ರುತಿ ಕೂಡಿಸುವುದು, ವೇದಿಕೆಯ ಪಕ್ಕ ನಿಂತು ಗಿಟಾರು ಕೈಗೆ ಕೊಡುವುದು ನನ್ನ ಕೆಲಸ. ನಮ್ಮ ಗಿಟಾರಿನವನು ಲೆನ್ನಿ ಒಂದು ಬಿರಟೆಯನ್ನೂ ತಾನಾಗಿ ತಿರುಗಿಸಿದವನಲ್ಲ. ಅವನ ಕಿವಿ ಇದ್ದೂ ಉಪಯೋಗವಿಲ್ಲ. ಎಂಬತ್ತೆಂಟರಲ್ಲೇ ಸ್ಪೀಕರಿಗೆ ದಾನ. ಕರ್ಣದಾನ ಎನ್ನುತ್ತೇನೆ ನಾನು.

"ಇದೇನೋ, ತಂತಿನಾ ಬೇಲಿನಾ?" ಲೆನ್ನಿ ಬೆರಳಿಗೆ ಉಫ್ ಉಫ್ ಎಂದು ಊದಿಕೊಂಡ.

"ಸೆಕೆಗೆ ತೆಳು ತಂತಿ ನಿಲ್ಲಲ್ಲಪ್ಪ. ಅಲ್ದೆ ನೀನು ವೇದಿಕೆಯಿಂದ ಹಾರ್ತೀಯಲ್ಲ, ಬೇಲಿ ಇದ್ರೆ ಒಳ್ಳೇದು."

"ಹಾರಿ ಹದಿನೈದು ವರ್ಷ ಆಯ್ತಲ್ಲೋ."

"ಬೇಲಿ ಎಷ್ಟು ಚೆನ್ನಾಗಿ ಕೆಲಸ ಮಾಡುತ್ತೆ ನೋಡು."

ಜುಲೈ 27. ಬೆಳಿಗ್ಗೆ.

ಬಂತು! ನಿನ್ನೆ ಬಂತು! ಕೂಗು ಹತ್ತಿತು, ನಿಂತಿತು, ಅಲ್ಲಾಡಲಿಲ್ಲ. ಮುಂದಿನ ಸಾಲಿನ ಹೆಂಗಸೊಬ್ಬಳು ತಲೆಯ ಮೇಲೆ ಕೈಹೊತ್ತು ಅತ್ತಳು. ಹೊರಗೆ ಬಂದವನೇ ಡ್ವೇನ್ ನನ್ನನ್ನು ಎತ್ತಿ ಒಂದು ಸುತ್ತು ತಿರುಗಿಸಿದ. ಬಲಮಂಡಿಗೆ ತೊಂಬತ್ತೈದಾಯಿತು.

"ನಿಮ್ಮಜ್ಜಿ ದೇವತೆ ಕಣೋ!"

ಅಜ್ಜಿ ಇದ್ದಿದ್ದರೆ ಚಪ್ಪಲಿ ತೆಗೆದುಕೊಳ್ಳುತ್ತಿದ್ದಳು.

ಆಗಸ್ಟ್ 3.

ಬಿಡುವು. ಬಸ್ಸು ರಿಪೇರಿ. ಹೋಟೆಲಿನಲ್ಲಿ ಡ್ವೇನ್ ಪಕ್ಕದಲ್ಲಿ ಕೂತು ಹಳೆಯದು ಮಾತಾಡಿದೆವು. ಎಂಬತ್ತಮೂರರ ಸನ್‌ಸೆಟ್ ಸ್ಟ್ರಿಪ್, ರಾಕ್ ಕ್ಲಬ್ಬುಗಳ ಬೀದಿ. ಒಂದೊಂದು ಕಂಬಕ್ಕೂ ನೂರು ಬ್ಯಾಂಡಿನ ಪೋಸ್ಟರು. ನಮ್ಮದನ್ನು ಅಂಟಿಸಿ ಮುಗಿಸುವಷ್ಟರಲ್ಲಿ ಇನ್ನೊಬ್ಬ ಅದರ ಮೇಲೆ. ನಾನು ಬೇರೆ ಬ್ಯಾಂಡಿನ ಪೋಸ್ಟರುಗಳಿಗೆಲ್ಲ "ಕ್ಯಾನ್ಸಲ್. ಗಾಯಕನಿಗೆ ಹೇನು" ಎಂಬ ಚೀಟಿ ಅಂಟಿಸಿದೆ. ಆ ಶನಿವಾರ ಹೇನಿಲ್ಲದ ಬ್ಯಾಂಡು ನಮ್ಮದೊಂದೇ. ಹೌಸ್‌ಫುಲ್.

ಆಮೇಲೆ ಹೇರ್‌ಸ್ಪ್ರೇ ಕಾಲ. ಓಜೋನಿನ ತೂತಿನಲ್ಲಿ ನಮ್ಮದೂ ಒಂದು ಕಿಟಕಿ ಇದೆ. ತೊಂಬತ್ತೆರಡಕ್ಕೆ ಚೌಕಳಿ ಶರ್ಟಿನ ಹೊಸ ಬ್ಯಾಂಡುಗಳು ಬಂದವು, ನಮ್ಮ ಬಿಗಿ ಪ್ಯಾಂಟಿಗೆ ಬೆಲೆ ಹೋಯಿತು. ಡ್ವೇನ್ ಕಾರ್ಪೆಟ್ ಹಾಸಿದ, ಲೆನ್ನಿ ಮಕ್ಕಳಿಗೆ ಗಿಟಾರು ಕಲಿಸಿದ, ನಾನು ಶಾಲಾ ಬಸ್ಸು ಓಡಿಸಿದೆ. ಹದಿನಾಲ್ಕು ವರ್ಷ. ಮತ್ತೆ ಕೂಡಿದಾಗ ಬ್ಯಾಂಡಿನ ಹೆಸರು ಅದೇ: ವೆಲ್ವೆಟ್ ಜ್ಯಾಕಲ್, ಮಖಮಲ್ ನರಿ. ಈಗ ನರಿ ಕಮ್ಮಿ, ನರೆ ಜಾಸ್ತಿ.

"ಕಾರ್ಪೆಟ್ ಹಾಸುವಾಗ ಆ ಕೂಗು ಹಾಕ್ತಿದ್ದೆ ಗೊತ್ತಾ?" ಅಂದ ಡ್ವೇನ್. "ಖಾಲಿ ಮನೆ. ಯಾರೂ ಇರ್ತಿರ್ಲಿಲ್ಲ. ಬಂದ್ರೆ ಆ ದಿನ ಊಟ ರುಚಿ ಆಗೋದು."

ನಾಳಿನ ಈರುಳ್ಳಿ ಹೆಚ್ಚಲು ಎದ್ದೆ.

ಆಗಸ್ಟ್ 11. ಸೂ ಫಾಲ್ಸ್.

ಮಂಗಳಾರತಿ ಆಯಿತು. ನನಗೆ.

ನಿನ್ನೆ "ಕರ್ಫ್ಯೂ" ನಡುವೆ ಲೆನ್ನಿಯ ತಂತಿ ಕಿತ್ತುಹೋಯಿತು. ಹೀಗಾದಾಗ ಕಣ್ಣು ಮಿಟುಕಿಸುವುದರೊಳಗೆ ಇನ್ನೊಂದು ಗಿಟಾರು ಅವನ ಕೈಯಲ್ಲಿರಬೇಕು. ಓಡಿ ಬಂದ, ಕೈ ಚಾಚಿದ. ಬಿಳಿ ಗಿಟಾರು ನನ್ನ ಕೈಯಲ್ಲಿತ್ತು. ಹಿಂದಿನ ದಿನವಷ್ಟೇ ರಿಪೇರಿಯಿಂದ ಬಂದದ್ದು. ಕೊಡಲು ಹೋದೆ...

ಕೊಡಲಿಲ್ಲ. ಎದೆಗೆ ಅವಚಿಕೊಂಡು ಕೂತುಬಿಟ್ಟೆ.

"ಕೊಡೋ!"

ತಲೆ ಅಲ್ಲಾಡಿಸಿದೆ.

"ಲೇ ಮುದುಕಾ, ಕೊಡೋ ಅಂದ್ರೆ!"

ಐದು ತಂತಿಯಲ್ಲೇ ಹಾಡು ಮುಗಿಸಿದ, ಪುಣ್ಯಾತ್ಮ. ಡ್ವೇನನ ಕೂಗು ಚೆನ್ನಾಗೇ ಬಂತು. ಆದರೆ ಲೆನ್ನಿ ನನ್ನ ಜೊತೆ ಮಾತು ಬಿಟ್ಟಿದ್ದಾನೆ. ಬೆವ್ ಬೆರಳು ತೋರಿಸಿ, "ಶೋ ನಡುವೆ ಕೂಡ ಹುಡುಗಾಟಾನಾ? ಇನ್ನೊಂದು ಚೇಷ್ಟೆ ಮಾಡಿದ್ರೆ ನಿನ್ನ ಪಾಡಿಗೆ ಬಸ್ ಸ್ಟ್ಯಾಂಡಲ್ಲಿ ಬಿಟ್ಟು ಹೋಗ್ತೀವಿ" ಎಂದಳು.

ತೋಳ ಬಂತು ತೋಳ ಎಂದವನ ಗತಿ ಉಲ್ಟಾ ಆಗಿದೆ. ನಿಜವಾಗಿ ಎಡವಟ್ಟು ಮಾಡಿಕೊಂಡರೂ ಚೇಷ್ಟೆ ಅಂತಲೇ ನಂಬುತ್ತಾರೆ. ಇರಲಿ. ಅನುಕೂಲವೇ.

ಸಂಜೆ ಕೊರಿನ್ ಬಂದಳು. ಬಿಳಿ ಗಿಟಾರಿನ ತಂತಿಯೊಂದನ್ನು ಮೀಟಿದಳು. ತನ್ನ ಬೇಸಿನದೊಂದನ್ನು ಮೀಟಿದಳು. ನನ್ನ ಮುಖ ನೋಡಿದಳು.

"ಮಿಲ್ಟ್ ಅಂಕಲ್."

"ಏನಮ್ಮ?"

"ಏನಿಲ್ಲ. ಟೀ ಚೆನ್ನಾಗಿ ಕೆಲಸ ಮಾಡ್ತಿದೆ."

ನಗುತ್ತ ಹೋದಳು.

ಸೆಪ್ಟೆಂಬರ್ 1. ಲೇಬರ್ ಡೇ. ಸಂಜೆ 6. ವಿಸ್ಕಾನ್ಸಿನ್.

ನಾಲ್ಕು ಗಂಟೆಯ ಶೋ. ಕಣ್ಣು ಕುಕ್ಕುವ ಬಿಸಿಲು. ಒಂದು ಕಡೆ ಟ್ರ್ಯಾಕ್ಟರ್ ಪ್ರದರ್ಶನ, ಇನ್ನೊಂದು ಕಡೆ ಹಂದಿಗಳ ಸ್ಪರ್ಧೆ, ನಡುವೆ ನಾವು. ನಾಲ್ಕು ಕ್ಯಾಮೆರಾ. ಬೆವ್ ಟೇಪಿನ ಮೆಷೀನನ್ನು ಸೌಂಡಿನವನ ಹತ್ತಿರ ಸಿದ್ಧ ಇಟ್ಟಿದ್ದಳು. "ಬೇಕಾದ್ರೆ ಇರ್ಲಿ" ಅಂದಳು. ಡ್ವೇನ್ ಅದನ್ನು ನೋಡಿದ. ವಿಗ್ಗು ತೆಗೆದು ನನ್ನ ಕೈಗೆ ಕೊಟ್ಟ. ಬೋಳುತಲೆಯಲ್ಲೇ ವೇದಿಕೆ ಹತ್ತಿದ! ಮೂವತ್ತೊಂದು ವರ್ಷದಲ್ಲಿ ಮೊದಲ ಸಲ. ಜನ ಹುಚ್ಚೆದ್ದರು.

ಕೂಗು ಬಂತು. ಎಷ್ಟು ಹೊತ್ತು ನಿಂತಿತೆಂದರೆ, ಹಂದಿಗಳೂ ಸುಮ್ಮನಾದವು. ಬೆವ್ ಸೌಂಡಿನವನ ಪಕ್ಕದಲ್ಲಿ ನಿಂತು ಮೆಷೀನಿನ ಪ್ಲಗ್ಗನ್ನು ತಾನೇ ಕಿತ್ತಳು. ಕಣ್ಣು ಒರೆಸಿಕೊಂಡಳು. ಧೂಳು ಅಂದಳು.

ಆಮೇಲೆ ಬಸ್ಸಿನ ಹಿಂದೆ, ಗಿಟಾರಿನ ಪೆಟ್ಟಿಗೆಗಳ ಮೇಲೆ ನಾವಿಬ್ಬರೇ. ಡ್ವೇನ್ ಥರ್ಮಾಸು ನನ್ನ ಮಡಿಲಿಗಿಟ್ಟ. ತುಂಬಿತ್ತು.

"ಇವತ್ತು ಕುಡಿಲಿಲ್ವಾ?"

"ಯಾವತ್ತೂ ಕುಡಿದಿಲ್ಲ ಕಣೋ. ಡುಬ್ಯೂಕಿಂದ ಇಲ್ಲೀತನಕ ಹೋಟೆಲ್ ಗಿಡಕ್ಕೆ ಹಾಕ್ತಾ ಬಂದೆ. ಆರು ಗಿಡ ಸತ್ತಿವೆ."

ನನಗೇ ಟೋಪಿ! ನಲವತ್ತೆಂಟು ದಿನ ಈರುಳ್ಳಿ ಹೆಚ್ಚಿ ಅತ್ತವನು ನಾನು.

"ಮತ್ತೆ ಧ್ವನಿ?" ಅಂದೆ.

ಅವನು ಕೂತಿದ್ದ ಪೆಟ್ಟಿಗೆಯನ್ನು ಎರಡು ಸಲ ತಟ್ಟಿದ. "ಬರೋ ವರ್ಷಾನೂ ಹೀಗೇ ಇರುತ್ತೆ ಅಲ್ವಾ, ಮಿಲ್ಟ್?"

"ಇರೋ ಹಾಗೆ ನೋಡ್ಕೋತೀನಿ."

"ಸಾಕು." ವಿಗ್ಗು ಇಸಿದುಕೊಂಡು ಎದ್ದು ಹೋದ. ಗೊತ್ತಿದೆಯೋ ಇಲ್ಲವೋ — ಅವನೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಬಸ್ಸಿನಲ್ಲಿ ಬೆವ್ ಕಿರುಚುತ್ತಿದ್ದಾಳೆ. ಯಾರೋ ಅವಳ ಶೂ ತುಂಬ ಪಾಪ್‌ಕಾರ್ನ್ ಸುರಿದಿದ್ದಾರಂತೆ. ನಾನಲ್ಲ. ಲೆನ್ನಿ ನನ್ನ ಪಕ್ಕದಲ್ಲೇ ಕೂತು ಕಿಸಿಕಿಸಿ ನಗುತ್ತಿದ್ದಾನೆ. ಅಂದರೆ ಮಾತು ಬಿಟ್ಟದ್ದು ಮುಗಿಯಿತು. ಆದರೂ ನನ್ನ ತಲೆಗೇ ಕಟ್ಟುತ್ತಾರೆ. ಕಟ್ಟಲಿ.

ಈ ಬೇಸಿಗೆಯಲ್ಲಿ ನಾನು ನಿಜವಾಗಿ ಮಾಡಿದ್ದು ಒಂದೇ. ಡುಬ್ಯೂಕಿನಲ್ಲಿ ಎಲ್ಲ ತಂತಿಗಳನ್ನೂ ಅರ್ಧ ಸ್ವರ ಇಳಿಸಿದೆ. ಹತ್ತು ದಿನ ಬಿಟ್ಟು ಇನ್ನರ್ಧ. ಸಡಿಲಾದದ್ದು ಬೆರಳಿಗೆ ತಿಳಿಯದಿರಲಿ ಎಂದೇ ದಪ್ಪ ತಂತಿ. ಬಿಳಿ ಗಿಟಾರೊಂದು ಹಳೆಯ ಎತ್ತರದಲ್ಲೇ ಉಳಿದಿತ್ತು, ಅದಕ್ಕೇ ಅವಚಿಕೊಂಡು ಕೂತೆ. ಅಟ್ಟಕ್ಕೆ ಹಾರಲಾರದ ಗೆಳೆಯನಿಗೆ ನಾನು ಅಟ್ಟವನ್ನೇ ಒಂದು ಗೇಣು ಕೆಳಗೆ ಇಳಿಸಿದೆ.