ಸೋಮಾರಿ ಕಳ್ಳನ ಮಾತು

ಅಕ್ಕಾ,

ಸತ್ತವರಿಗೆ ಕಾಗದ ಮುಟ್ಟುವುದಿಲ್ಲ, ಗೊತ್ತು. ಆದರೂ ಇದನ್ನು ಬೇರೆ ಯಾರಿಗೆ ಹೇಳಲಿ?

ಮಧ್ಯಾಹ್ನ ನಿನ್ನ ಪಕ್ಕದ ಮನೆಯ ಕಣ್ಣು ಕಾಣದ ಮೇಷ್ಟ್ರು ಪತ್ರಿಕೆಯ ಆಫೀಸಿಗೆ ಬಂದಿದ್ದರು. ನಮ್ಮ 'ಸೋಮಾರಿ ಕಳ್ಳ' ಕಾರ್ಟೂನಿನ ಅಭಿಮಾನಿಯಂತೆ. ಬಂದವರೇ ಜಗಳಕ್ಕಿಳಿದರು.

"ಏನ್ರೀ, ನಿಮ್ಮ ಕಳ್ಳ ಈಗೀಗ ಒಂಚೂರೂ ನಗಿಸ್ತಿಲ್ಲ! ನಿಮ್ಮಕ್ಕ ಓದಿ ಹೇಳ್ತಿದ್ದಾಗ ಹೊಟ್ಟೆ ಹುಣ್ಣಾಗೋ ಹಾಗೆ ನಗ್ತಿದ್ದೆ. ಈಗ ಸೊಸೆ ಓದ್ತಾಳೆ, ಬರೀ ಸಪ್ಪೆ."

"ಯಾವ ಜೋಕು ಹಿಡಿಸಿತ್ತು ಸಾರ್?"

"ಕಳ್ಳ ಮಲಗಿದ್ದ ಯಜಮಾನನ್ನ ಎಬ್ಬಿಸಿ, 'ಬೀರು ಕೀ ಎಲ್ಲಿ ಸ್ವಾಮಿ? ಹುಡುಕೋಕೆ ಬೇಜಾರು' ಅಂತಾನಲ್ಲ! ಅದಕ್ಕೆ ಯಜಮಾನ, 'ನಾನೂ ಹುಡುಕಿ ಸಾಕಾಗಿ ಮಲಗಿದೀನಪ್ಪ' ಅಂತಾನೆ!"

ಆ ಚಿತ್ರ ನನ್ನದೇ. ಮಾತು ನನ್ನದಲ್ಲ. ನಾವಿಬ್ಬರೂ ಮಾತು ಬಿಟ್ಟು, ನೀನು ಕಾರ್ಟೂನಿಗೆ ಬರೆಯುವುದನ್ನು ನಿಲ್ಲಿಸಿದ ಮೇಲೆ ಕಳ್ಳನ ಬಾಯಿಗೆ ಮಾತು ತುಂಬಿದವನು ನಾನೊಬ್ಬನೇ. ಮೇಷ್ಟ್ರು ಇನ್ನೊಂದು ಹೇಳಿದರು, ಮತ್ತೊಂದು ಹೇಳಿದರು. ಯಾವುದೂ ಅಚ್ಚಾಗಿಯೇ ಇಲ್ಲ. ಅಂದರೆ ಇಷ್ಟು ವರ್ಷ ನೀನು ದಿನಾ ಬೆಳಿಗ್ಗೆ ನನ್ನ ಚಿತ್ರ ನೋಡಿ, ನನ್ನ ಮಾತನ್ನು ಪಕ್ಕಕ್ಕೆ ತಳ್ಳಿ, ನಿನ್ನದನ್ನು ಹೇಳುತ್ತಿದ್ದೆಯಾ? ಒಬ್ಬರೇ ಒಬ್ಬರಿಗಾಗಿ?

ಮೇಷ್ಟ್ರಿಗೆ ನಿಜ ಹೇಳಲಿಲ್ಲ. "ನೆನಪಿರೋದೆಲ್ಲ ಹೇಳಿ ಸಾರ್" ಎಂದೆ. ಅವರು ಹೇಳುತ್ತಾ ಹೋದರು, ನಾನು ಬಿಡಿಸುತ್ತಾ ಹೋದೆ. ನಡುವೆ ನನ್ನ ಗಂಟಲಿಂದ ಸದ್ದು ಬಂದಾಗ, ನಗುತ್ತಿದ್ದೇನೆಂದುಕೊಂಡು ಅವರೂ ನಕ್ಕರು.

ನಾಳೆಯ ಕಾರ್ಟೂನಿನ ಕೆಳಗೆ ಇಬ್ಬರ ಹೆಸರಿದೆ, ಅಕ್ಕಾ. ನಿನ್ನದನ್ನು ಮೊದಲು ಹಾಕಿದ್ದೇನೆ.