ಐದನೇ ತರಗತಿಯ ಖಾಲಿ ಕುರ್ಚಿ

ಜಗದಾಂಬಕ್ಕಾ,

ಇದನ್ನು ನಾನು ಪೋಸ್ಟ್ ಮಾಡುವವಳಲ್ಲ. ಆದರೂ ಇವತ್ತಿನ ಸುದ್ದಿಯನ್ನು ನಿಮಗಲ್ಲದೆ ಯಾರಿಗೆ ಹೇಳಲಿ?

ಒಂದೂವರೆ ವರ್ಷದ ಮೇಲೆ ನಮ್ಮ ಸೊರಬದ ಶಾಲೆಗೆ ಮಕ್ಕಳು ಬಂದರು. ಮಾಸ್ಕಿನ ಮೇಲಿನ ಕಣ್ಣಷ್ಟೇ ನೋಡಿ ದೀಪಶ್ರೀಯನ್ನು ಅವಳ ಅಕ್ಕನ ಹೆಸರಿನಿಂದ ಕರೆದು ನಗೆಪಾಟಲಾದೆ.

ಏಳನೇ ತರಗತಿಗೆ ಹೋದರೆ ಕೋಣೆ ಖಾಲಿ! ಹುಡುಕಿದರೆ ಎಲ್ಲರೂ ನಿಮ್ಮ ಐದನೇ ತರಗತಿಯಲ್ಲಿ, ಕೊರೊನಾಕ್ಕೆ ಮುಂಚಿನ ಜಾಗದಲ್ಲೇ, ಡೆಸ್ಕಿಗೆ ಮೊಣಕಾಲು ಒತ್ತಿಕೊಂಡು ಕೂತಿದ್ದಾರೆ.

"ಬರ್ರೋ, ನಿಮ್ಮ ರೂಮು ಆಚೆ ಐತಿ" ಎಂದೆ.

"ಜಗದಾಂಬ ಮಿಸ್ಸಿಗೆ ಹೇಳ್ದೆ ಹೆಂಗ್ ಹೋಗೋದು ಮಿಸ್?" ಎಂದಳು ದೀಪಶ್ರೀ. "ಹೇಳ್ದೆ ಹೋಗ್ಬಾರ್ದು ಅಂತ ಅವ್ರೇ ಕಲ್ಸಿದ್ರು. ಅವತ್ತು ದಿಢೀರ್ ರಜೆ ಕೊಟ್ರು, ಹೇಳಕ್ಕೇ ಆಗ್ಲಿಲ್ಲ."

ನೀವು ಶಿಕಾರಿಪುರಕ್ಕೆ ವರ್ಗವಾಗಿದ್ದೀರಿ ಎಂದರೂ ಬಗ್ಗಲಿಲ್ಲ. ನಿಮ್ಮ ಖಾಲಿ ಕುರ್ಚಿಯ ಮುಂದೆ ಸಾಲಾಗಿ ನಿಂತು, ಒಬ್ಬೊಬ್ಬರೇ "ಹೋಗಿ ಬರ್ತೀನಿ ಮಿಸ್" ಎಂದು ಕೈಮುಗಿದು, ಕಿಸಕಿಸ ನಗುತ್ತಾ ಹೊರಬಿದ್ದರು. ನನಗೂ ನಗು ತಡೆಯಲಾಗಲಿಲ್ಲ.

ನೀವು ಹೊರಟ ದಿನ ನಾನು ಆನ್‌ಲೈನ್ ಪಾಠದ ವಿಷಯಕ್ಕೆ ನಮ್ಮಿಬ್ಬರಿಗಾದ ಜಗಳದ ಸಿಟ್ಟಿನಲ್ಲಿ ತಲೆ ಎತ್ತದೆ, ಮಕ್ಕಳೇ ಇಲ್ಲದ ಶಾಲೆಯ ಹಾಜರಿ ಪುಸ್ತಕಕ್ಕೆ ಗೆರೆ ಎಳೆಯುತ್ತಿದ್ದೆ. ನೀವು ಬಾಗಿಲಲ್ಲಿ ಸ್ವಲ್ಪ ಹೊತ್ತು ನಿಂತಿದ್ದಿರಿ.

ಮಕ್ಕಳೆಲ್ಲ ಹೋದ ಮೇಲೆ ನಾನೂ ಆ ಕುರ್ಚಿಯ ಮುಂದೆ ನಿಂತೆ.

"ಹೋಗಿ ಬನ್ನಿ ಅಕ್ಕಾ" ಎಂದೆ.