ನಿಮ್ಮಮ್ಮ ಸೂಚಿಸಿದ್ದು

ಮನೆಯಿಂದ,
ಮಂಗಳವಾರ ಬೆಳಿಗ್ಗೆ

ಪ್ರೀತಿಯ ಪುಟ್ಟೀ,

ನಿನ್ನ ಸೊಂಟನೋವು ಹೇಗಿದೆ? ದಿನವಿಡೀ ಬಸ್ಸು ಓಡಿಸುವವಳು, ಬೆನ್ನಿಗೊಂದು ದಿಂಬು ಇಟ್ಟುಕೊ ಅಂದರೆ ಕೇಳುವವಳಲ್ಲ. ಅಳಿಯಂದಿರೂ ಮಗುವೂ ಚೆನ್ನಾಗಿದ್ದಾರೆಂದು ನಂಬಿದ್ದೇನೆ. ನಾನು ಗಟ್ಟಿಯಾಗಿದ್ದೇನೆ. ಬರೆಯಬೇಕಾದದ್ದು ನಿಮ್ಮಮ್ಮನ ವಿಷಯ.

ಅವಳ ಮಾತಿನ ವರಸೆ ನಿನಗೆ ಗೊತ್ತೇ ಇದೆ. "ಗಾಳಿ ಜೋರಾಗಿದೆ" ಅಂದರೆ ನಾನು ಎದ್ದು ಕಿಟಕಿ ಮುಚ್ಚಬೇಕು. "ಪಕ್ಕದ್ಮನೆಯವರು ಬಣ್ಣ ಹೊಡೆಸಿದ್ರಂತೆ" ಅಂದರೆ ನಮ್ಮ ಗೋಡೆ ನೋಡಲಾಗುತ್ತಿಲ್ಲ ಎಂದರ್ಥ. ಹೋದ ತಿಂಗಳು ಒಂದು ಸಂಜೆ ಹೊಲಿಗೆ ಯಂತ್ರದ ಪಕ್ಕ ಕೂತು, ಗಿರಾಕಿಗಳ ಬಟ್ಟೆಯನ್ನೆಲ್ಲ ಆಚೆ ಸರಿಸಿ, ತನ್ನದೇ ರವಿಕೆಗಳ ಕಂಕುಳ ಹೊಲಿಗೆ ಬಿಚ್ಚಿ ಸಡಿಲ ಮಾಡುತ್ತಿದ್ದಳು. ಎಡಗಡೆಯದು ಮಾತ್ರ. "ಈಚೆಗೆ ಬಟ್ಟೆನೂ ಒಂದೇ ಕಡೆ ಕುಗ್ಗುತ್ತೆ ನೋಡಿ" ಅಂದಳು.

ಹೊಸ ಬಟ್ಟೆಗೆ ಪೀಠಿಕೆ ಅಂದುಕೊಂಡು ನಕ್ಕೆ. ಮೇಷ್ಟ್ರ ಚಪಲ, ಪಾಠವನ್ನೂ ಶುರುಮಾಡಿದೆ. "ನೀನು ಯಾವತ್ತೂ ಹೇಳೋದಿಲ್ಲ ಕಣೇ, ಸೂಚಿಸ್ತೀಯ. ಆ ಕ್ರಿಯಾಪದ ಎಲ್ಲಿಂದ ಬಂತು ಗೊತ್ತಾ? ಸಂಸ್ಕೃತದಲ್ಲಿ ಸೂಚಿ ಅಂದ್ರೆ ನಿನ್ನ ಕೈಲಿರೋ ಸೂಜಿನೇ. ಸೂಚಿಸೋದು ಅಂದ್ರೆ ಬಾಯಿಬಿಟ್ಟು ಹೇಳದೆ, ಮೊನೆಯಿಂದ ತೋರಿಸಿ ಬಿಡೋದು" ಅಂದೆ. ಸೂಚನೆ, ಸೂಚಕ, ಸೂಚ್ಯ ಎಂದು ಇನ್ನೂ ಏನೇನೋ ಹೇಳುತ್ತಾ ಹೋದೆ.

ಅವಳು ಕೊನೆತನಕ ಕೇಳಿದಳು. ಆಮೇಲೆ ರವಿಕೆ ಕೆಳಗಿಟ್ಟು, "ಇಷ್ಟೆಲ್ಲ ಗೊತ್ತು, ಆದ್ರೆ ನಿಮಗೆ ಚುಚ್ಚೋದೇ ಇಲ್ವಲ್ರೀ" ಎಂದು ನನ್ನ ಕೈ ಹಿಡಿದು ತನ್ನ ಎಡಗಂಕುಳ ಕೆಳಗೆ ಇಟ್ಟುಕೊಂಡಳು. ಗಂಟು ಸಿಕ್ಕಿತು, ಪುಟ್ಟೀ. ಕಡಲೆಕಾಳಿನಷ್ಟಲ್ಲ, ದೊಡ್ಡದು. ಅವಳೇ ನನಗೆ ನೀರು ತಂದುಕೊಟ್ಟಳು.

ಮರುದಿನವೇ ಆಸ್ಪತ್ರೆಗೆ ಹೋದೆವು. ಡಾಕ್ಟರಮ್ಮ ಒಳ್ಳೆಯವರು, ನಿಧಾನವಾಗಿ ಮಾತಾಡಿದರು. ಗಂಟಿನ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ನಿನ್ನೆ ಫಲಿತಾಂಶ ಬಂತು. ನಾವು ಹೆದರಿದ್ದ ಕಾಯಿಲೆಯೇ. ಬರುವ ಸೋಮವಾರ ಆಪರೇಷನ್. ಗುಣವಾಗುವ ಭರವಸೆ ಇದೆ ಎಂದಿದ್ದಾರೆ. ಆ ಮಾತನ್ನು ನಾನು ಎರಡೆರಡು ಸಲ ಹೇಳಿಸಿಕೊಂಡೆ. ನಿಮ್ಮಮ್ಮ ಮಾತ್ರ ಗಿರಾಕಿಗಳ ಬಟ್ಟೆ ಅಷ್ಟರೊಳಗೆ ಮುಗಿಸಬೇಕೆಂದು ಯಂತ್ರ ತುಳಿಯುತ್ತಲೇ ಇದ್ದಾಳೆ. ನಿಂತರೆ ಯೋಚನೆ ಹತ್ತುತ್ತದೆಂದು ಇರಬೇಕು. ನಾನೂ ಪಕ್ಕದಲ್ಲಿ ಕೂತು ಗುಂಡಿ ಹೊಲಿಯುತ್ತೇನೆ, ಅರ್ಧದಷ್ಟನ್ನು ಅವಳು ಬಿಚ್ಚಿ ಮತ್ತೆ ಹೊಲಿಯುತ್ತಾಳೆ.

ಮಗುವಿಗೆ ಮುತ್ತು. ಎಲ್ಲರೂ ಸುಖವಾಗಿರಿ.

ನಿನ್ನ
ಅಪ್ಪ

ತಾ.ಕ.: ಲಕೋಟೆ ಅಂಟಿಸುವ ಮುಂಚೆ ಅವಳಿಗೆ ಓದಿ ಹೇಳಿದೆ. ಕೊನೆಯಲ್ಲಿ "ನಿನಗೆ ರಜೆ ಸಿಕ್ಕರೆ, ತೊಂದರೆ ಆಗದಿದ್ದರೆ" ಎಂದು ಬರೆದಿದ್ದೆ. "ಅದನ್ನ ಹೊಡೆದುಹಾಕಿ. ನಂಗೆ ಭಯ ಆಗ್ತಿದೆ, ಬಾ ಅಂತ ಬರೀರಿ" ಅಂದಳು. ಬರೆದಿದ್ದೇನೆ. ಬಾ.